ಉಕ್ಕಿನ ಸಂಗ್ರಹ ಟ್ಯಾಂಕ್: ಲಕ್ಷಣ ಹಿಡಿದು ದೋಷದ ಮೂಲಕ್ಕೆ

ನೆಲದ ಮೇಲೆ ನೆಟ್ಟಗೆ ನಿಂತು ವಾತಾವರಣದ ಒತ್ತಡದಲ್ಲೇ ಕೆಲಸ ಮಾಡುವ ದುಂಡನೆಯ ಉಕ್ಕಿನ ಟ್ಯಾಂಕ್‌ಗಳಿಗಾಗಿ ಈ ಕೈಪಿಡಿ. ಒಳಗೆ ಡೀಸೆಲ್ ಇರಲಿ, ಕಚ್ಚಾತೈಲ ಇರಲಿ, ದ್ರಾವಕ ಅಥವಾ ನೀರೇ ಇರಲಿ, ಕಟ್ಟಿರುವ ಬಗೆ ಹೆಚ್ಚುಕಡಿಮೆ ಒಂದೇ. ಬಾಯ್ಲರ್, ಗ್ಯಾಸ್ ಬುಲೆಟ್‌ನಂಥ ಒತ್ತಡದ ಪಾತ್ರೆಗಳ ನಿಯಮಗಳೇ ಬೇರೆ, ಅವು ಇಲ್ಲಿ ಬರುವುದಿಲ್ಲ.

ಟ್ಯಾಂಕ್‌ನಲ್ಲಿ ದೋಷ ಕಾಣಿಸಿಕೊಳ್ಳುವ ಜಾಗ ಒಂದು, ಹುಟ್ಟಿದ ಜಾಗ ಇನ್ನೊಂದು. ತಳದ ಅಂಚಿನಲ್ಲಿ ಒದ್ದೆ ಕಂಡರೆ ತೂತು ಐದು ಮೀಟರ್ ಒಳಗಿರಬಹುದು. ಛಾವಣಿ ತಗ್ಗಾಗಿದ್ದರೆ ಕೆಟ್ಟಿರುವುದು ಛಾವಣಿಯಲ್ಲ, ಗಾಳಿ ಬರುವ ದಾರಿ. ಹಾಗಾಗಿ ಕಂಡ ಜಾಗಕ್ಕೆ ನೇರವಾಗಿ ವೆಲ್ಡಿಂಗ್ ರಾಡ್ ಹಿಡಿದು ಹೋದರೆ ಅರ್ಧಕ್ಕರ್ಧ ಸಲ ದೋಷ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಟ್ಯಾಂಕ್ ಮೊದಲಿಗಿಂತ ಅಪಾಯಕಾರಿಯಾಗುತ್ತದೆ.

ಯಾವ ಭಾಗ ಏನನ್ನು ಹೊರುತ್ತದೆ

ತಳದ ಪ್ಲೇಟ್‌ಗಳು ಒಂದರ ಮೇಲೊಂದು ಅಂಚು ಹತ್ತಿಸಿ ವೆಲ್ಡ್ ಮಾಡಿದವು. ಅವು ಭಾರ ಹೊರುವುದಿಲ್ಲ, ಭಾರವನ್ನು ನೆಲಕ್ಕೆ ದಾಟಿಸುತ್ತವೆ. ಸುತ್ತಲಿನ ಗೋಡೆಗೆ ಶೆಲ್ ಎನ್ನುತ್ತೇವೆ, ಅದರ ಒಂದೊಂದು ಸುತ್ತಿನ ಪ್ಲೇಟ್‌ಗೆ ಕೋರ್ಸ್ ಎಂದು ಹೆಸರು. ದ್ರವ ಹೊರಕ್ಕೆ ತಳ್ಳುವ ಬಲವನ್ನು ತಡೆಯುವುದು ಶೆಲ್. 20 ಮೀಟರ್ ವ್ಯಾಸದ ಟ್ಯಾಂಕ್‌ನಲ್ಲಿ 12 ಮೀಟರ್ ನೀರು ತುಂಬುವುದಾದರೆ, ಎಪಿಐ 650ರ (ಟ್ಯಾಂಕ್ ಕಟ್ಟಲು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಮಾಡಿದ ಮಾನದಂಡ) ಸರಳ ಸೂತ್ರದಂತೆ, 160 ಮೆಗಾಪಾಸ್ಕಲ್ ಅನುಮತಿತ ಒತ್ತಡದ ಉಕ್ಕಿಗೆ ಕೆಳಗಿನ ಕೋರ್ಸ್ ಸುಮಾರು 7.2 ಮಿ.ಮೀ. ದಪ್ಪ ಬೇಕು. ತುಕ್ಕಿಗೆಂದು ಬಿಡುವ ದಪ್ಪ ಇದಕ್ಕೆ ಸೇರಬೇಕು. ಅದೇ ಟ್ಯಾಂಕ್‌ನ ಮೇಲಿನ ಕೋರ್ಸ್‌ಗೆ, 2 ಮೀಟರ್ ನೀರಿಗೆ, ಲೆಕ್ಕದ ಪ್ರಕಾರ ಬರೀ 1 ಮಿ.ಮೀ. ಸಾಕು. ಆದರೂ 6 ಮಿ.ಮೀ. ಹಾಕುವುದು ನಿಲ್ಲುವ ಬಿಗಿತಕ್ಕಾಗಿ.

ಈ ಬಲವೆಲ್ಲ ಹೊರಮುಖದ ತಳ್ಳಾಟಕ್ಕೆ. ಒಳಮುಖದ ಎಳೆತಕ್ಕೆ ಟ್ಯಾಂಕ್ ಬಹಳ ದುರ್ಬಲ. ಸಾಮಾನ್ಯ ಟ್ಯಾಂಕ್‌ನ ನಿರ್ವಾತದ ಮಿತಿ 25 ಮಿ.ಮೀ. ನೀರಿನಷ್ಟು, ಅಂದರೆ ಚದರ ಮೀಟರ್‌ಗೆ 25 ಕಿಲೋ. ಹತ್ತು ಮೀಟರ್ ನೀರಿನ ಒತ್ತಡವನ್ನು ಹೊರಕ್ಕೆ ತಡೆಯುವ ಅದೇ ಗೋಡೆ ಅದರ ನಾನೂರನೇ ಒಂದು ಪಾಲನ್ನು ಒಳಕ್ಕೆ ತಡೆಯಲು ಹೆಣಗುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಲಕ್ಷಣಗಳು ತಾವಾಗಿಯೇ ಅರ್ಥವಾಗುತ್ತವೆ.

ಹತ್ತಿರ ಹೋಗುವ ಮುನ್ನ

ಟ್ಯಾಂಕ್ ಒಳಗೆ ಇಳಿಯುವುದಾದರೆ ಗಾಳಿ ಪರೀಕ್ಷೆ ಕಡ್ಡಾಯ. ಆಮ್ಲಜನಕ 19.5ರಿಂದ 23.5 ಶೇಕಡಾ ನಡುವೆ ಇರಬೇಕು, ಉರಿಯುವ ಆವಿ ಕೆಳ ಸ್ಫೋಟ ಮಿತಿಯ (ಬೆಂಕಿ ಹತ್ತಲು ಗಾಳಿಯಲ್ಲಿ ಇರಬೇಕಾದ ಕನಿಷ್ಠ ಆವಿಯ) 10 ಶೇಕಡಾಕ್ಕಿಂತ ಕೆಳಗಿರಬೇಕು, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ದಾಟಬಾರದು. ಈ ಕೊನೆಯ ಅನಿಲದ ವಿಚಾರದಲ್ಲಿ ಮೂಗನ್ನು ನಂಬಲೇಬೇಡಿ. ಪ್ರಮಾಣ ಹೆಚ್ಚಾದಾಗ ಮೂಗು ಸೋತು ವಾಸನೆಯೇ ಬರುವುದಿಲ್ಲ. ವಾಲ್ವ್ ಮುಚ್ಚಿದ್ದರೆ ಪೈಪ್ ಬೇರ್ಪಟ್ಟಿದೆ ಎಂದಲ್ಲ. ಫ್ಲಾಂಜ್ (ಪೈಪ್ ತುದಿಗಳನ್ನು ಬೋಲ್ಟ್ ಹಾಕಿ ಜೋಡಿಸುವ ಬಳೆ) ನಡುವೆ ಬ್ಲೈಂಡ್, ಅಂದರೆ ದಾರಿ ಮುಚ್ಚುವ ಗಟ್ಟಿ ತಟ್ಟೆ, ಕೂತ ಮೇಲೆಯೇ ಬೇರ್ಪಟ್ಟಂತೆ. ಹೊರಗೆ ಒಬ್ಬರು ಕಾವಲಿರಬೇಕು. ಒಳಗಿದ್ದವರು ಬಿದ್ದರೆ ಕಾವಲಿನವರು ಹಿಂದೆಯೇ ಇಳಿಯಬಾರದು, ಉಸಿರಾಟದ ಸಲಕರಣೆ ಇರುವ ತಂಡವನ್ನು ಕರೆಯಬೇಕು.

ಉರಿಯುವ ದ್ರವ ತುಂಬಿಸಿದ ಕೂಡಲೇ ಡಿಪ್ ಟೇಪ್ (ಮಟ್ಟ ಅಳೆಯಲು ಮೇಲಿನಿಂದ ಇಳಿಬಿಡುವ, ತುದಿಗೆ ಗುಂಡಿರುವ ಟೇಪ್) ಇಳಿಸಬೇಡಿ. ಹರಿವಿನಲ್ಲಿ ಹುಟ್ಟಿದ ಸ್ಥಾಯಿ ವಿದ್ಯುತ್ ಇಳಿಯಲು 30 ನಿಮಿಷ ಬಿಡಿ. ಹಳೆಯ ಛಾವಣಿಯ ಮೇಲೆ ಕಾಲಿಡುವಾಗಲೂ ಎಚ್ಚರ: ಹೊಸದಿದ್ದಾಗಲೇ ಪ್ಲೇಟ್ ಸಾಮಾನ್ಯವಾಗಿ 5 ಮಿ.ಮೀ., ಒಳಗಿನಿಂದ ತಿಂದುಹೋದದ್ದು ಮೇಲಿನಿಂದ ಕಾಣುವುದಿಲ್ಲ. ನಡೆಯಲು ಹಾಕಿರುವ ದಾರಿ ಬಿಟ್ಟು ಆಚೆ ಹೋಗಬೇಡಿ.

ಲಕ್ಷಣ: ಸ್ಟಾಕ್ ಲೆಕ್ಕ ಕೂಡುತ್ತಿಲ್ಲ, ಮಟ್ಟ ಇಳಿಯುತ್ತಿದೆ

ಮೊದಲು ಅನುಮಾನಿಸಬೇಕಾದ್ದು ತೂತನ್ನಲ್ಲ, ತಾಪಮಾನವನ್ನು. ಡೀಸೆಲ್ ಒಂದು ಡಿಗ್ರಿಗೆ ತನ್ನ ಗಾತ್ರದ ಸುಮಾರು 0.00083 ಪಾಲಿನಷ್ಟು ಕುಗ್ಗುತ್ತದೆ. 10 ಮೀಟರ್ ಎತ್ತರದ ಡೀಸೆಲ್ 10 ಡಿಗ್ರಿ ತಣ್ಣಗಾದರೆ ಒಂದು ಹನಿಯೂ ಹೊರಹೋಗದೆ ಮಟ್ಟ 80 ಮಿ.ಮೀ.ನಷ್ಟು ಇಳಿಯುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಕಡೆ ತಾಪಮಾನ ತೆಗೆದು ಗಾತ್ರ ತಿದ್ದಿಕೊಳ್ಳದೆ ಸೋರಿಕೆ ಎಂಬ ಮಾತನ್ನೇ ಆಡಬೇಡಿ.

ಎರಡನೆಯದು ಅಳತೆ. ಮೂರು ಸಲ ಡಿಪ್ ತೆಗೆದು ಮೂರೂ ಹೊಂದಿಕೆಯಾಗುತ್ತವೆಯೇ ನೋಡಿ. ಡಿಪ್ ಬಾಯಿಯಿಂದ (ಟೇಪ್ ಇಳಿಸುವ ಛಾವಣಿಯ ತೂತಿನಿಂದ) ತಳದ ಡೇಟಮ್ ಪ್ಲೇಟ್‌ವರೆಗಿನ (ಟೇಪಿನ ಗುಂಡು ತಾಗಬೇಕಾದ ತಟ್ಟೆಯವರೆಗಿನ) ಉಲ್ಲೇಖ ಎತ್ತರವನ್ನೂ ಅಳೆಯಿರಿ. ಅದು ದಾಖಲೆಗಿಂತ ಕಮ್ಮಿ ಬಂದರೆ ಟೇಪಿನ ಗುಂಡು ಕೆಸರಿನ ಮೇಲೆ ಕೂರುತ್ತಿದೆ. ಹೆಚ್ಚು ಬಂದರೆ ತಳ ಕುಸಿದಿರಬಹುದು, ಆಗ ಮುಂದೆ ಬರುವ ಅಡಿಪಾಯದ ಭಾಗ ಓದಿ.

ಇವೆರಡೂ ಸರಿಯಿದ್ದರೆ ವಾಲ್ವ್‌ಗಳ ಸರದಿ. ಮುಚ್ಚಿದ ವಾಲ್ವ್ ಒಳಗೊಳಗೇ ಹರಿಯಬಿಡುವುದು ತಳ ಸೋರುವುದಕ್ಕಿಂತ ಬಹಳ ಹೆಚ್ಚು ಸಾಮಾನ್ಯ. ಪಕ್ಕದ ಟ್ಯಾಂಕ್‌ನ ಮಟ್ಟ ಏರುತ್ತಿದೆಯೇ ನೋಡಿ. ನೀರು ಇಳಿಸುವ ಡ್ರೈನ್ ವಾಲ್ವ್, ಸ್ಯಾಂಪಲ್ ಕಾಕ್, ಎಲ್ಲದರ ತುದಿ ಒಣಗಿದೆಯೇ ನೋಡಿ. ಆಮೇಲೆ ಎಲ್ಲ ನಾಝಲ್‌ಗಳಿಗೂ (ಟ್ಯಾಂಕ್‌ಗೆ ಪೈಪ್ ಸೇರುವ ಬಾಯಿಗಳಿಗೂ) ಬ್ಲೈಂಡ್ ಹಾಕಿ, ಬೆಳಗಿನ ಜಾವ ಒಂದೇ ಹೊತ್ತಿಗೆ, ಕನಿಷ್ಠ ಎರಡು ದಿನ ಅಳೆಯಿರಿ. 20 ಮೀಟರ್ ವ್ಯಾಸದ ಟ್ಯಾಂಕ್‌ನಲ್ಲಿ 1 ಮಿ.ಮೀ. ಎಂದರೆ 314 ಲೀಟರ್. ಡಿಪ್ ಟೇಪ್ ಹಿಡಿಯಬಲ್ಲ ಅತಿ ಸಣ್ಣ ವ್ಯತ್ಯಾಸವೇ ಇಷ್ಟು. ಹಾಗಾಗಿ ಅಳತೆಯಲ್ಲಿ ಇಳಿತ ಕಾಣಲಿಲ್ಲ ಎಂದರೆ ಸೋರಿಕೆಯೇ ಇಲ್ಲ ಎಂದಾಗುವುದಿಲ್ಲ, ದೊಡ್ಡದಿಲ್ಲ ಎಂದಷ್ಟೇ.

ಬ್ಲೈಂಡ್ ಹಾಕಿದ ಮೇಲೂ, ತಾಪಮಾನ ತಿದ್ದಿದ ಮೇಲೂ ಮಟ್ಟ ಇಳಿಯುತ್ತಿದ್ದರೆ ಇನ್ನು ಕಾಯುವಂತಿಲ್ಲ. ದ್ರವವನ್ನು ಬೇರೆ ಟ್ಯಾಂಕ್‌ಗೆ ಸಾಗಿಸಿ, ತಪಾಸಣೆಯ ಪರಿಣತರನ್ನು ಕರೆಯಿರಿ.

ಬಿಸಿ ಮಾಡಿ ಇಡುವ ಎಣ್ಣೆಗಳಲ್ಲಿ ತದ್ವಿರುದ್ಧವೂ ಆಗುತ್ತದೆ: ಮಟ್ಟ ಏರುತ್ತದೆ. ಒಳಗಿನ ಹಬೆಯ ಕಾಯಿಲ್ ತೂತಾಗಿ ನೀರು ಸೇರುತ್ತಿದ್ದರೆ ಹೀಗಾಗುತ್ತದೆ. ಹಬೆ ನಿಲ್ಲಿಸಿದಾಗ ಕಾಯಿಲ್‌ನೊಳಕ್ಕೆ ಎಣ್ಣೆ ನುಗ್ಗಿ, ವಾಪಸ್ ಬರುವ ಕಂಡೆನ್ಸೇಟ್‌ನಲ್ಲಿ ಎಣ್ಣೆಯ ಪೊರೆ ತೋರಿದರೆ ಅನುಮಾನವೇ ಬೇಡ. 100 ಡಿಗ್ರಿಗಿಂತ ಬಿಸಿಯಿರುವ ಬಿಟುಮೆನ್ ಟ್ಯಾಂಕ್‌ನಲ್ಲಿ ನೀರು ಕ್ಷಣದಲ್ಲಿ ಹಬೆಯಾಗಿ ಇಡೀ ದ್ರವ ನೊರೆಯೆದ್ದು ಮೇಲಿನಿಂದ ಉಕ್ಕಬಲ್ಲದು. ಹಬೆಯ ಲೈನ್ ಮುಚ್ಚಿ, ಜನರನ್ನು ದೂರ ಕಳುಹಿಸುವುದೇ ಅಲ್ಲಿ ಮೊದಲ ಕೆಲಸ.

ಲಕ್ಷಣ: ತುಂಬುತ್ತಿದ್ದರೂ ಗೇಜ್ ಕದಲುತ್ತಿಲ್ಲ

ಪಂಪ್ ಓಡುತ್ತಿದೆ, ಗೇಜ್ ಒಂದೇ ಅಂಕಿ ತೋರಿಸುತ್ತಿದೆ. ಮೊದಲು ತುಂಬಿಸುವುದನ್ನು ನಿಲ್ಲಿಸಿ, ಕಾರಣ ಹುಡುಕುವುದು ಆಮೇಲೆ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ ಆದದ್ದು ಇದೇ. ಪೆಟ್ರೋಲ್ ಟ್ಯಾಂಕ್‌ನ ಗೇಜ್ ಸಿಕ್ಕಿಕೊಂಡು ಒಂದೇ ಮಟ್ಟ ತೋರಿಸುತ್ತಲೇ ಇತ್ತು, ಬೇರೆಯದಾಗಿ ಹಾಕಿದ್ದ ಎತ್ತರದ ಮಟ್ಟದ ಸ್ವಿಚ್ಚೂ ಕೆಲಸ ಮಾಡಲಿಲ್ಲ. ಟ್ಯಾಂಕ್ ತುಂಬಿ ಹರಿದು ಆವಿಯ ಮೋಡ ಸಿಡಿಯಿತು.

ಫ್ಲೋಟ್ ಗೇಜ್ ಆದರೆ ಟೇಪ್ ಪುಲ್ಲಿಯಿಂದ ಜಾರಿದೆಯೇ, ಫ್ಲೋಟ್ ಮಾರ್ಗದರ್ಶಿ ತಂತಿಯಲ್ಲಿ ಸಿಕ್ಕಿದೆಯೇ, ಫ್ಲೋಟ್ ತೂತಾಗಿ ಮುಳುಗಿದೆಯೇ ನೋಡಿ. ರೇಡಾರ್ ಆದರೆ ಆಂಟೆನಾದ ಮೇಲೆ ಹನಿ ಅಥವಾ ಮೇಣ ಕಟ್ಟಿರುತ್ತದೆ. ಎರಡರಲ್ಲೂ ಕೈಯಿಂದ ತೆಗೆದ ಡಿಪ್ ಜೊತೆ ತಾಳೆ ನೋಡಿದ ಮೇಲೆಯೇ ಮತ್ತೆ ಪಂಪ್ ಹಚ್ಚಬೇಕು. ಎತ್ತರದ ಮಟ್ಟದ ಸ್ವಿಚ್ ಸರಿಯಿದೆ ಎಂದು ಹೇಳಬೇಕಾದರೆ ಅದನ್ನು ನಿಜವಾಗಿ ಚಲಾಯಿಸಿ, ಅಲಾರಂ ಬಂದು ವಾಲ್ವ್ ಮುಚ್ಚಿದ್ದನ್ನು ಕಣ್ಣಾರೆ ನೋಡಿರಬೇಕು.

ಲಕ್ಷಣ: ತಳದ ಅಂಚಿನಲ್ಲಿ ಒದ್ದೆ

ಒದ್ದೆ ಎಲ್ಲವೂ ಸೋರಿಕೆಯಲ್ಲ. ತಣ್ಣನೆಯ ದ್ರವ ಇರುವ ಟ್ಯಾಂಕ್ ಬೆಳಿಗ್ಗೆ ಹೊರಗಿನಿಂದ ಬೆವರುತ್ತದೆ. ಆ ಬೆವರು ಒಳಗಿನ ದ್ರವದ ಮಟ್ಟದವರೆಗೆ ಮಾತ್ರ ಇದ್ದು ಅಲ್ಲಿಗೆ ಗೆರೆ ಎಳೆದಂತೆ ನಿಲ್ಲುತ್ತದೆ, ಬಿಸಿಲೇರಿದರೆ ಆರುತ್ತದೆ. ಮಳೆನೀರು ಶೆಲ್ ಮೇಲಿಂದ ಇಳಿದು ತಳದ ಪ್ಲೇಟ್‌ನ ಹೊರಚಾಚಿನ ಕೆಳಗೆ ಸೇರಿ, ಆಮೇಲೆ ಮೆಲ್ಲಗೆ ಹೊರಬರುವುದೂ ಉಂಟು.

ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಕೆಲವು ಗಂಟೆಯಲ್ಲಿ ಯಾವ ಜಾಗದಲ್ಲಿ ಪುಡಿ ಮೊದಲು ಕಪ್ಪಾಗುತ್ತದೆ ನೋಡಿ. ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿದರೆ ನೀರೋ ಎಣ್ಣೆಯೋ ತಿಳಿಯುತ್ತದೆ. ಆದರೆ ನೀರು ಬಂತೆಂದು ನಿರಾಳರಾಗಬೇಡಿ. ತೈಲದ ಟ್ಯಾಂಕ್‌ನ ತಳದಲ್ಲಿ ನೀರು ಕೂತಿರುತ್ತದೆ, ತಳ ತೂತಾದರೆ ಮೊದಲು ಹೊರಬರುವುದು ಅದೇ ನೀರು. ಮಳೆಯಿಲ್ಲದ ದಿನಗಳಲ್ಲೂ ಅದೇ ಜಾಗ ಒದ್ದೆಯಿದ್ದರೆ, ಆ ನೀರಿಗೆ ತೈಲದ ಅಥವಾ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಅದು ಒಳಗಿನದು.

ಒದ್ದೆ ಕಂಡ ಜಾಗ ಸೋರುವ ಜಾಗದ ಗುರುತಲ್ಲ. ತಳಕ್ಕೆ ಸಾಮಾನ್ಯವಾಗಿ ನಡುವಿನಿಂದ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ, 120ಕ್ಕೆ 1ರಷ್ಟು. ಪ್ಲೇಟ್ ಅಡಿಯ ಮರಳಿನಲ್ಲಿ ದ್ರವ ಸುಲಭದ ದಾರಿ ಹಿಡಿದು ಎಲ್ಲೋ ಹೊರಬರುತ್ತದೆ.

ತೂತು ಬೀಳುವ ಬಗೆ ಮುಖ್ಯವಾಗಿ ಎರಡು. ಒಳಗಿನಿಂದ: ಕೂತ ನೀರು, ಕೆಸರಿನ ಅಡಿಯ ಸೂಕ್ಷ್ಮಜೀವಿಗಳು, ತಗ್ಗು ಜಾಗಗಳಲ್ಲಿ ಗುಂಡಿ ಗುಂಡಿಯಾಗಿ ತಿನ್ನುವ ತುಕ್ಕು. ಹೊರಗಿನಿಂದ, ಅಂದರೆ ಮಣ್ಣಿನ ಕಡೆಯಿಂದ: ಉಪ್ಪಿರುವ ಮರಳು, ಹೊರಚಾಚಿನ ಕೆಳಗೆ ನುಗ್ಗುವ ಮಳೆನೀರು. ಎರಡನೆಯದು ಟ್ಯಾಂಕ್ ಒಳಗೆ ಇಳಿದವರ ಕಣ್ಣಿಗೂ ಕಾಣದು, ಮೇಲ್ಮೈ ಹೊಳೆಯುತ್ತಿರುತ್ತದೆ. ಹೊರಚಾಚಿನ ಸೀಲ್ ಬಿಟ್ಟುಕೊಂಡಿದ್ದರೆ ಅದನ್ನು ಇಂದೇ ಸರಿಪಡಿಸಿ; ಇಡೀ ಟ್ಯಾಂಕ್‌ನಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ದುರಸ್ತಿ ಇನ್ನೊಂದಿಲ್ಲ. ಕ್ಯಾಥೋಡಿಕ್ ರಕ್ಷಣೆ (ವಿದ್ಯುತ್ ಹರಿಸಿ ತುಕ್ಕು ತಡೆಯುವ ವ್ಯವಸ್ಥೆ) ಇದ್ದರೆ ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್‌ಗೆ ಹೋಲಿಸಿ, ಕರೆಂಟ್ ಕ್ಷಣಕಾಲ ಕಡಿದು ತೆಗೆದ ರೀಡಿಂಗ್ −850 ಮಿಲಿವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣವಾಗಿರಬೇಕು. ಈ ವಿದ್ಯುತ್ ಕೊಡುವ ರೆಕ್ಟಿಫೈಯರ್ ಯಾವಾಗಿನಿಂದಲೋ ಬಂದ್ ಆಗಿದ್ದು ಯಾರೂ ಗಮನಿಸದೆ ಇರುವುದು ಅಪರೂಪವಲ್ಲ.

ಮುಂದಿನ ಹೆಜ್ಜೆ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಒಳಗಿಳಿಯುವುದು. ಕಾಂತೀಯ ಹರಿವು ಸೋರಿಕೆಯ ಸ್ಕ್ಯಾನರ್ ತಳವನ್ನೆಲ್ಲ ಓಡಾಡಿ ತೆಳುವಾದ ಜಾಗ ತೋರಿಸುತ್ತದೆ, ಅಲ್ಲಲ್ಲಿ ಅಲ್ಟ್ರಾಸಾನಿಕ್ ಗೇಜ್ ಇಟ್ಟು ಖಚಿತಪಡಿಸಬೇಕು. ವೆಲ್ಡ್‌ಗಳಿಗೆ ವ್ಯಾಕ್ಯೂಮ್ ಬಾಕ್ಸ್: ಸಾಬೂನು ನೀರು ಬಳಿದು, ಗಾಜಿನ ಪೆಟ್ಟಿಗೆ ಇಟ್ಟು, 21ರಿಂದ 35 ಕಿಲೋಪಾಸ್ಕಲ್ ಎಳೆದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಮೂರು ಪ್ಲೇಟ್ ಒಂದರ ಮೇಲೊಂದು ಬರುವ ಮೂಲೆಗಳನ್ನು ಎರಡೆರಡು ಸಲ ನೋಡಿ, ತಳದ ವೆಲ್ಡ್ ಸೋರಿದರೆ ಅಲ್ಲೇ ಹೆಚ್ಚು. ಬಳಕೆಯಲ್ಲಿರುವ ಟ್ಯಾಂಕ್‌ಗಳ ತಪಾಸಣೆಯ ಮಾನದಂಡ ಎಪಿಐ 653ರ ಪ್ರಕಾರ ಮುಂದಿನ ತಪಾಸಣೆಯ ಹೊತ್ತಿಗೂ ತಳದಲ್ಲಿ ಕನಿಷ್ಠ 2.5 ಮಿ.ಮೀ. ಉಳಿದಿರಬೇಕು, ಸೋರಿಕೆ ಪತ್ತೆಮಾಡಿ ತಡೆಹಿಡಿಯುವ ವ್ಯವಸ್ಥೆ ಅಡಿಯಲ್ಲಿದ್ದರೆ 1.25 ಮಿ.ಮೀ. ಸಾಕು.

ಶೆಲ್ ಮತ್ತು ತಳ ಸೇರುವ ವೆಲ್ಡ್‌ನಿಂದಲೇ ಜಿನುಗುತ್ತಿದ್ದರೆ ಲೆಕ್ಕಾಚಾರ ಬಿಡಿ. ಟ್ಯಾಂಕ್‌ನಲ್ಲಿ ಅತಿ ಹೆಚ್ಚು ಬಾಗುವ, ಅತಿ ಹೆಚ್ಚು ಒತ್ತಡದ ಜಾಗ ಅದು. ಮಟ್ಟ ಇಳಿಸಿ, ಖಾಲಿ ಮಾಡಿ. ಶೆಲ್ಲಿನ ಒಳ ಅಂಚಿನಿಂದ 75 ಮಿ.ಮೀ. ಒಳಗಿನ ಪಟ್ಟಿಗೆ ತೇಪೆ ಹಾಕುವುದು ಎಂಜಿನಿಯರ್ ವಿನ್ಯಾಸ ಮಾಡದೆ ಆಗಕೂಡದು.

ಲಕ್ಷಣ: ಶೆಲ್ ಅಥವಾ ಛಾವಣಿ ಒಳಕ್ಕೆ ಕುಸಿದಿದೆ

ಹೊರಗಿನಿಂದ ಏನೂ ತಾಗದೆ ಟ್ಯಾಂಕ್ ಒಳಕ್ಕೆ ಕುಸಿದಿದ್ದರೆ ಕಾರಣ ನಿರ್ವಾತ. ದ್ರವ ಹೊರಹೋಗುವ ವೇಗಕ್ಕೆ ಗಾಳಿ ಒಳಬರಲಿಲ್ಲ, ಅಷ್ಟೇ. ಪಂಪ್ ಈಗಲೂ ಎಳೆಯುತ್ತಿದ್ದರೆ ಕೂಡಲೇ ನಿಲ್ಲಿಸಿ. ಛಾವಣಿ ಹತ್ತಬೇಡಿ.

ಹುಡುಕಾಟ ಅಗ್ಗದಿಂದ ಶುರುವಾಗಲಿ. ಬಣ್ಣ ಹೊಡೆಯುವಾಗ ವೆಂಟ್‌ಗೆ (ಗಾಳಿಯಾಡುವ ಬಾಯಿಗೆ) ಕಟ್ಟಿದ ಪ್ಲಾಸ್ಟಿಕ್ ಹಾಳೆ ಬಿಚ್ಚಲು ಮರೆತಿದ್ದಾರೆಯೇ? ಜಾಲರಿಯಲ್ಲಿ ಹಕ್ಕಿ ಗೂಡು ಕಟ್ಟಿದೆಯೇ? ಪೇಂಟ್ ಜಾಲರಿಯ ಕಣ್ಣುಗಳನ್ನೇ ಮುಚ್ಚಿದೆಯೇ? ಇವು ಸರಿಯಿದ್ದರೆ ಫ್ಲೇಮ್ ಅರೆಸ್ಟರ್ (ಹೊರಗಿನ ಬೆಂಕಿ ಒಳನುಗ್ಗದಂತೆ ತಡೆಯುವ ಭಾಗ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅದರ ಸಣ್ಣ ಸಂದುಗಳಲ್ಲಿ ಧೂಳು, ಮೇಣ, ಗಟ್ಟಿಯಾದ ರಾಸಾಯನಿಕ ಕಟ್ಟಿಕೊಂಡರೆ ಗಾಳಿಯ ದಾರಿ ಕಾಲುಭಾಗವೂ ಉಳಿಯುವುದಿಲ್ಲ. ಬ್ರೀದರ್ ವಾಲ್ವ್‌ನ (ಒತ್ತಡ ಅಥವಾ ನಿರ್ವಾತ ಹೆಚ್ಚಿದಾಗ ಗಾಳಿಯನ್ನು ಹೊರಗೆ ಅಥವಾ ಒಳಗೆ ಬಿಡುವ ವಾಲ್ವ್) ನಿರ್ವಾತದ ಕಡೆಯ ಪ್ಯಾಲೆಟ್, ಅಂದರೆ ಮುಚ್ಚುವ ತಟ್ಟೆ, ಬೆರಳಿನಿಂದ ಎತ್ತಿದರೆ ಸಲೀಸಾಗಿ ಏಳಬೇಕು, ಬಿಟ್ಟರೆ ಪೂರ್ತಿ ಕೂರಬೇಕು. ಅಂಟಿಕೊಂಡಿದ್ದರೆ ಅಪರಾಧಿ ಸಿಕ್ಕಂತೆ. ಸಾರಜನಕದ ಹೊದಿಕೆ ಇರುವ ಟ್ಯಾಂಕ್‌ನಲ್ಲಿ ಸಾರಜನಕ ಬರುತ್ತಿದೆಯೇ ಎಂಬುದೂ ಇದೇ ಹಂತದ ಪ್ರಶ್ನೆ.

ಎಲ್ಲವೂ ಶುಚಿಯಾಗಿದ್ದೂ ಅನುಮಾನ ಉಳಿದರೆ, ಒಂದು ಪಾರದರ್ಶಕ ಕೊಳವೆಯನ್ನು ಇಂಗ್ಲಿಷ್ ಯು ಆಕಾರಕ್ಕೆ ಬಗ್ಗಿಸಿ, ನೀರು ತುಂಬಿ, ಛಾವಣಿಯ ಖಾಲಿ ನಾಝಲ್‌ಗೆ ಸೇರಿಸಿ. ಎರಡು ಕಡೆಯ ನೀರಿನ ಎತ್ತರದ ಅಂತರವೇ ಟ್ಯಾಂಕ್‌ನ ನಿರ್ವಾತ, ನೇರ ಮಿ.ಮೀ.ನಲ್ಲಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕಸ್ಥ ಉಪಕರಣ ಈ ಕೆಲಸಕ್ಕೆ ಬೇಕಿಲ್ಲ. ಕೊಳವೆಯನ್ನು ಕೆಳಗಿನವರೆಗೆ ಇಳಿಸಿಕೊಂಡು ನೆಲದ ಮೇಲಿಂದಲೇ ಓದಿ. ಪಂಪನ್ನು ಕಡಿಮೆ ವೇಗದಲ್ಲಿ ಹಚ್ಚಿ, ವಾಲ್ವ್ ತೆರೆಯಬೇಕಾದ ಒತ್ತಡ ದಾಟಿದ ಕೂಡಲೇ ನಿಲ್ಲಿಸಿ. ದಾಟಿತು ಎಂದರೆ ದಾರಿ ಕಟ್ಟಿದೆ, ಇಲ್ಲವೇ ವೆಂಟ್ ಚಿಕ್ಕದಾಯಿತು. ಎರಡನೆಯದು ಹೆಚ್ಚಾಗಿ ಬರುವುದು ಹಳೆಯ ಟ್ಯಾಂಕ್‌ಗೆ ದೊಡ್ಡ ಪಂಪ್ ಹಾಕಿದಾಗ. ಗಂಟೆಗೆ 200 ಘನ ಮೀಟರ್ ದ್ರವ ಹೊರಹೋದರೆ ಕನಿಷ್ಠ ಅಷ್ಟೇ ಗಾಳಿ ಒಳಬರಬೇಕು. ಬಿಸಿಲಿನಲ್ಲಿ ಕಾದ ಟ್ಯಾಂಕ್ ಮೇಲೆ ಜೋರು ಮಳೆ ಬಿದ್ದರೆ ಒಳಗಿನ ಆವಿ ಕುಗ್ಗುತ್ತದೆ, ಅದಕ್ಕೂ ಸೇರಿಸಿ ವೆಂಟ್ ಲೆಕ್ಕ ಹಾಕಬೇಕು; ಎಪಿಐ 2000 ಇರುವುದೇ ಇದಕ್ಕೆ.

ಇನ್ನೆರಡು ಸಂದರ್ಭಗಳಲ್ಲಿ ಟ್ಯಾಂಕ್‌ಗಳು ಮತ್ತೆ ಮತ್ತೆ ಕುಸಿಯುತ್ತವೆ. ನೀರಿನ ಪರೀಕ್ಷೆ ಮುಗಿಸಿ ಮೇಲಿನ ಮ್ಯಾನ್‌ಹೋಲ್ ಮುಚ್ಚಿಯೇ ಕೆಳಗಿನ ವಾಲ್ವ್ ತೆರೆಯುವುದು ಒಂದು. ಹಬೆಯಿಂದ ತೊಳೆದು, ಬಿಸಿಯಿರುವಾಗಲೇ ಎಲ್ಲ ಬಾಯಿ ಮುಚ್ಚುವುದು ಇನ್ನೊಂದು. ಹಬೆ ನೀರಾದಾಗ ಅದರ ಗಾತ್ರ ಸಾವಿರದಾರುನೂರನೇ ಒಂದು ಪಾಲಿಗಿಳಿಯುತ್ತದೆ, ಉಳಿದ ಜಾಗವೆಲ್ಲ ನಿರ್ವಾತ.

ತಗ್ಗನ್ನು ಗಾಳಿ ತುಂಬಿ ಹೊರಕ್ಕೆ ಉಬ್ಬಿಸುವ ಯತ್ನ ಬೇಡವೇ ಬೇಡ. ಒತ್ತಿದ ಗಾಳಿಯಲ್ಲಿ ಕೂಡಿಟ್ಟ ಶಕ್ತಿ ತುಂಬಾ, ವೆಲ್ಡ್ ಬಿಟ್ಟುಕೊಂಡರೆ ಛಾವಣಿ ಹಾರುತ್ತದೆ. ಮಡಿಕೆ ಬಿದ್ದ ಪ್ಲೇಟ್‌ನಲ್ಲಿ, ಅದರಲ್ಲೂ ಮಡಿಕೆ ವೆಲ್ಡ್ ದಾಟಿದ್ದರೆ, ಬಿರುಕಿರುವ ಸಾಧ್ಯತೆ ಹೆಚ್ಚು. ಸರಿಪಡಿಸುವ ಬಗೆಯನ್ನು ಎಂಜಿನಿಯರ್ ಹೇಳಬೇಕು.

ಲಕ್ಷಣ: ಛಾವಣಿ ಅಂಚಿನಿಂದ ಆವಿ, ಶಿಳ್ಳೆಯ ಸದ್ದು, ಉಬ್ಬು

ಇದು ಹಿಂದಿನದರ ಮಗ್ಗುಲು: ಒಳಗೆ ಒತ್ತಡ ಹೆಚ್ಚಾಗಿದೆ. ಬ್ರೀದರ್ ವಾಲ್ವ್‌ನ ಒತ್ತಡದ ಕಡೆಯ ಪ್ಯಾಲೆಟ್, ಫ್ಲೇಮ್ ಅರೆಸ್ಟರ್ ನೋಡಿ. ಸಾರಜನಕದ ವಾಲ್ವ್ ತೆರೆದೇ ನಿಂತಿದೆಯೇ ನೋಡಿ. ಪೈಪ್‌ಲೈನ್ ಖಾಲಿ ಮಾಡಲು ಗಾಳಿ ಊದಿದ್ದರೆ ದ್ರವದ ಬಾಲದಲ್ಲಿ ಬಂದ ಆ ಗಾಳಿ ಟ್ಯಾಂಕ್‌ಗೆ ನುಗ್ಗಿರುತ್ತದೆ. ಆವಿ ಒಂದೇ ಬಿಂದುವಿನಿಂದ ಬರುತ್ತಿದ್ದರೆ ಡಿಪ್ ಬಾಯಿಯ ಗ್ಯಾಸ್ಕೆಟ್, ಇಲ್ಲವೇ ಫೋಮ್ ಚೇಂಬರ್‌ನ (ಬೆಂಕಿ ಆರಿಸುವ ನೊರೆ ಒಳಬಿಡುವ ಪೆಟ್ಟಿಗೆಯ) ಒಡೆದ ಗಾಜು ಕಾರಣ. ಈ ಗಾಜು ತುಂಬಾ ಕಡೆ ಒಡೆದೇ ಇರುತ್ತದೆ.

ಛಾವಣಿಯ ವೆಲ್ಡ್ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಹಲವು ಟ್ಯಾಂಕ್‌ಗಳಲ್ಲಿ ಛಾವಣಿ ಮತ್ತು ಮೇಲಿನ ಆಂಗಲ್ (ಶೆಲ್ಲಿನ ಮೇಲಂಚಿನ ಉಕ್ಕಿನ ಪಟ್ಟಿ) ಸೇರುವ ವೆಲ್ಡ್ ಬೇಕೆಂತಲೇ ದುರ್ಬಲ: ಹೊರಗಿನಿಂದ ಒಂದೇ ಸಾಲು, 5 ಮಿ.ಮೀ. ಮೀರದಂತೆ. ಒಳಗೆ ಸ್ಫೋಟವಾದರೆ ಮೊದಲು ಇದು ಹರಿದು ಒತ್ತಡ ಮೇಲಕ್ಕೆ ಹೋಗಲಿ, ಶೆಲ್ ಮತ್ತು ದ್ರವ ಕೆಳಗೇ ಉಳಿಯಲಿ ಎಂಬುದು ಉದ್ದೇಶ. ಆವಿ ಸೋರುತ್ತದೆಂದು ಇದರ ಮೇಲೆ ಇನ್ನೊಂದು ಸಾಲು ವೆಲ್ಡ್ ಕೂರಿಸಿದರೆ, ಛಾವಣಿ ಪ್ಲೇಟನ್ನು ಅಡಿಯ ರಾಫ್ಟರ್‌ಗೆ ಬೆಸೆದರೆ, ಮುಂದೆ ಹರಿಯುವುದು ತಳದ ವೆಲ್ಡ್. ಆಗ ಟ್ಯಾಂಕೇ ನೆಲ ಬಿಟ್ಟು ಏಳುತ್ತದೆ, ಒಳಗಿನದೆಲ್ಲ ಸುತ್ತ ಹರಡುತ್ತದೆ. ಸೋರುವ ಈ ವೆಲ್ಡನ್ನು ಮೂಲ ಅಳತೆಗೇ ದುರಸ್ತಿ ಮಾಡಬೇಕು, ಒಂದು ಮಿ.ಮೀ. ಹೆಚ್ಚೂ ಬೇಡ.

ಲಕ್ಷಣ: ತೇಲು ಛಾವಣಿ ವಾಲಿದೆ, ಮೇಲೆ ನೀರು ನಿಂತಿದೆ

ಕೆಲವು ಟ್ಯಾಂಕ್‌ಗಳ ಛಾವಣಿ ದ್ರವದ ಮೇಲೆಯೇ ತೇಲುತ್ತ ಮಟ್ಟದ ಜೊತೆ ಏರಿಳಿಯುತ್ತದೆ. ಅದರ ಮೇಲೆ ನೀರು ನಿಂತಿದ್ದರೆ ಮೊದಲು ನೆಲದ ಮಟ್ಟದ ರೂಫ್ ಡ್ರೈನ್ ವಾಲ್ವ್ ತೆರೆದಿದೆಯೇ ನೋಡಿ. ತೆರೆದಿದ್ದೂ ನೀರು ಬಾರದಿದ್ದರೆ ಮೇಲಿನ ಸಂಪ್‌ನ ಜಾಲರಿ ಕಸದಿಂದ ಕಟ್ಟಿದೆ ಅಥವಾ ನಾನ್‌ರಿಟರ್ನ್ ವಾಲ್ವ್ ಅಂಟಿದೆ. ನೀರಿನ ಬದಲು ಎಣ್ಣೆ ಬಂದರೆ ಟ್ಯಾಂಕ್‌ನೊಳಗಿನ ಡ್ರೈನ್ ಹೋಸ್ ಅಥವಾ ಸ್ವಿವೆಲ್ ಜಾಯಿಂಟ್ ತೂತಾಗಿದೆ. ವಾಲ್ವ್ ಮುಚ್ಚಿ; ಆದರೆ ಮುಚ್ಚಿದ ಕ್ಷಣದಿಂದ ಮಳೆನೀರಿಗೆ ದಾರಿಯಿಲ್ಲ ಎಂಬುದನ್ನು ಪಾಳಿಯವರಿಗೆ ಬರೆದು ತಿಳಿಸಿ, ಪಂಪ್ ಸಿದ್ಧವಿಡಿ.

ಛಾವಣಿಯನ್ನು 250 ಮಿ.ಮೀ. ಮಳೆ ಹೊರುವಂತೆ ವಿನ್ಯಾಸ ಮಾಡಿರುತ್ತಾರೆ. 30 ಮೀಟರ್ ವ್ಯಾಸಕ್ಕೆ ಅದು ಸುಮಾರು 177 ಟನ್. ಪೊಂಟೂನ್‌ಗಳು (ಛಾವಣಿಯನ್ನು ತೇಲಿಸುವ ಮುಚ್ಚಿದ ಟೊಳ್ಳು ಕೋಣೆಗಳು) ಒಣಗಿದ್ದಾಗಿನ ಮಾತಿದು. ಹಾಗಾಗಿ ಛಾವಣಿ ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಪೊಂಟೂನ್ ಕೋಣೆಗಳ ಮುಚ್ಚಳ ತೆಗೆದು ನೋಡಬೇಕು. ಗ್ಯಾಸ್ ಮೀಟರ್ ಮೊದಲು, ಕಣ್ಣು ಆಮೇಲೆ. ನೀರಿದ್ದರೆ ಮುಚ್ಚಳದ ಸೀಲ್ ಹೋಗಿದೆ, ಎಣ್ಣೆಯಿದ್ದರೆ ತಳದ ಪ್ಲೇಟ್ ತೂತು. ಒಂದಲ್ಲ, ಅಕ್ಕಪಕ್ಕದ ಎರಡು ಕೋಣೆಯಲ್ಲಿ ಎಣ್ಣೆ ಸಿಕ್ಕರೆ ಛಾವಣಿ ತನ್ನ ಮೀಸಲನ್ನೆಲ್ಲ ಮುಗಿಸಿಕೊಂಡಂತೆ. ಮೇಲಿದ್ದವರು ಇಳಿದು ಬರಬೇಕು, ತುಂಬುವುದನ್ನೂ ಖಾಲಿ ಮಾಡುವುದನ್ನೂ ನಿಲ್ಲಿಸಬೇಕು.

ಪೊಂಟೂನ್ ಒಣಗಿದ್ದೂ ವಾಲಿದ್ದರೆ ಛಾವಣಿ ಎಲ್ಲೋ ಸಿಕ್ಕಿಕೊಂಡಿದೆ: ಬಗ್ಗಿದ ಗೈಡ್ ಪೋಲ್, ಹಳಿ ತಪ್ಪಿದ ಏಣಿ, ಶೆಲ್ಲಿನಲ್ಲಿ ತಿರುಚಿ ಹೋದ ಸೀಲ್, ಇಲ್ಲವೇ ಅಡಿಪಾಯ ಕುಸಿದು ದುಂಡಗಿದ್ದ ಶೆಲ್ ಮೊಟ್ಟೆಯಾಕಾರಕ್ಕೆ ಬಂದಿದೆ. ಮಟ್ಟ ತಗ್ಗಿರುವಾಗ ತೇಲು ಛಾವಣಿಯ ಮೇಲ್ಭಾಗ ಆಳವಾದ ಬಾವಿಯ ತಳವಿದ್ದಂತೆ, ಆವಿ ಅಲ್ಲೇ ತುಂಬಿ ನಿಲ್ಲುತ್ತದೆ. ಅಲ್ಲಿಗಿಳಿಯಲು ಟ್ಯಾಂಕ್ ಒಳಗಿಳಿಯುವಷ್ಟೇ ಅನುಮತಿ, ಅಷ್ಟೇ ಪರೀಕ್ಷೆ ಬೇಕು.

ಲಕ್ಷಣ: ನಾಝಲ್ ಅಥವಾ ಮ್ಯಾನ್‌ಹೋಲ್ ಸುತ್ತ ಜಿನುಗು

ಫ್ಲಾಂಜ್ ಸಂದಿನಿಂದ ಬರುತ್ತಿದ್ದರೆ ಸುತ್ತಲೂ ಅಂತರ ಅಳೆಯಿರಿ. ಒಂದು ಕಡೆ ಹೆಚ್ಚಿದ್ದರೆ ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಮವಿದ್ದೂ ಸೋರಿದರೆ ಗ್ಯಾಸ್ಕೆಟ್ ಬದಲಿಸಲು ಮಟ್ಟ ನಾಝಲ್‌ಗಿಂತ ಕೆಳಗಿಳಿಸಿ.

ನಾಝಲ್ ಸುತ್ತ ಶೆಲ್ಲಿಗೆ ಬೆಸೆದಿರುವ ಬಲವರ್ಧಕ ಪ್ಯಾಡ್‌ನಲ್ಲಿ 6 ಮಿ.ಮೀ.ನ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ದ್ರವ ಬಂದರೆ ಪ್ಯಾಡ್ ಹಿಂದೆ, ನಾಝಲ್ ಮತ್ತು ಶೆಲ್ ಸೇರುವ ವೆಲ್ಡ್ ಬಿಟ್ಟಿದೆ ಎಂದು ಅರ್ಥ. ರಂಧ್ರ ಸೋರುತ್ತಿದೆಯೆಂದು ಅದನ್ನೇ ವೆಲ್ಡ್ ಮಾಡಿ ಮುಚ್ಚುವವರಿದ್ದಾರೆ. ದೋಷ ಹೇಳುವ ಬಾಯನ್ನೇ ಮುಚ್ಚಿದಂತಾಗುವುದು ಒಂದು ಕೇಡು; ಪ್ಯಾಡ್ ಹಿಂದೆ ಸಿಕ್ಕಿದ ಉರಿಯುವ ದ್ರವಕ್ಕೆ ವೆಲ್ಡಿಂಗ್ ಶಾಖ ತಾಗಿ ಸಿಡಿಯುವುದು ಇನ್ನೂ ದೊಡ್ಡ ಕೇಡು. ಟ್ಯಾಂಕ್ ಖಾಲಿ ಮಾಡಿ ಒಳಗಿನ ವೆಲ್ಡ್ ಸರಿಪಡಿಸಿ, ಆಮೇಲೆ ಅದೇ ರಂಧ್ರದಿಂದ 100 ಕಿಲೋಪಾಸ್ಕಲ್‌ವರೆಗೆ ಗಾಳಿ ಹಾಕಿ, ಸಾಬೂನು ನೀರು ಬಳಿದು ನೋಡಿ. ನೀರು ನುಗ್ಗದಂತೆ ರಂಧ್ರಕ್ಕೆ ಗ್ರೀಸ್ ಸಾಕು.

ಲಕ್ಷಣ: ತುಕ್ಕಿನ ಗೆರೆ, ಬಣ್ಣದ ಗುಳ್ಳೆ

ಕೆರೆದು ನೋಡಿ. ಗುಳ್ಳೆಯಡಿ ಉಕ್ಕು ಹೊಳೆಯುತ್ತಿದ್ದರೆ ಅದು ಬಣ್ಣದ ದೋಷ. ಪದರ ಪದರವಾಗಿ ಏಳುತ್ತಿದ್ದರೆ ದಪ್ಪ ಅಳೆಯಬೇಕು. ಕೆಳಗಿನ ಕೋರ್ಸ್, ಮಟ್ಟ ಏರಿಳಿಯುವ ವಲಯ, ಛಾವಣಿಯಡಿಯ ಆವಿಯ ಜಾಗ, ನಿರೋಧಕ ಹೊದಿಕೆಗೆ ನೀರು ನುಗ್ಗುವ ತೂತುಗಳ ಕೆಳಗೆ, ಇಷ್ಟನ್ನು ಬಿಡಬೇಡಿ.

ಲೆಕ್ಕ ಸರಳ. 8 ಮಿ.ಮೀ. ಇದ್ದದ್ದು 10 ವರ್ಷದಲ್ಲಿ 6.5 ಆಗಿದ್ದರೆ ವರ್ಷಕ್ಕೆ 0.15 ಮಿ.ಮೀ. ಹೋಗಿದೆ. ಕನಿಷ್ಠ ಬೇಕಾದ್ದು 5.6 ಆದರೆ ಉಳಿದ 0.9 ಮಿ.ಮೀ.ಗೆ ಆಯಸ್ಸು 6 ವರ್ಷ, ಮುಂದಿನ ಅಳತೆ 3 ವರ್ಷದೊಳಗೆ. ಅಲ್ಲಿಯವರೆಗೆ ಕಾಯಲಾಗದಷ್ಟು ತೆಳುವಾಗಿದ್ದರೆ ತುಂಬುವ ಎತ್ತರ ಇಳಿಸಿ ಬಳಸಬಹುದು, ಆದರೆ ಆ ಹೊಸ ಮಿತಿಗೆ ಅಲಾರಂ ಕೂಡ ಇಳಿಯಬೇಕು.

ಲಕ್ಷಣ: ಟ್ಯಾಂಕ್ ವಾಲಿದೆ, ಪೈಪ್ ಎಳೆದಂತಿದೆ

ನಾಝಲ್ ಬಳಿ ಪೈಪ್ ಬಗ್ಗಿದ್ದರೆ, ಪೈಪ್ ಆಸರೆಯಿಂದ ಮೇಲೆದ್ದಿದ್ದರೆ, ತಳದಂಚು ಮತ್ತು ಕಾಂಕ್ರೀಟ್ ರಿಂಗ್ ನಡುವೆ ಬೆಳಕು ಕಂಡರೆ ಅಡಿಪಾಯ ಸರಿದಿದೆ. ಸುತ್ತ ನೀರು ನಿಂತಿದೆಯೇ, ರಿಂಗಿನಡಿಯ ಮಣ್ಣು ಕೊಚ್ಚಿದೆಯೇ ಎಂದು ಮೊದಲು ನಡೆದು ನೋಡಿ. ಆಮೇಲೆ ಲೆವೆಲ್ ಉಪಕರಣದಿಂದ ಸುತ್ತಲೂ ಕನಿಷ್ಠ 8 ಬಿಂದುಗಳಲ್ಲಿ, ಒಂದಕ್ಕೊಂದು 9.75 ಮೀಟರ್ ಮೀರದ ಅಂತರದಲ್ಲಿ ಎತ್ತರ ತೆಗೆಯಿರಿ. ಇಡೀ ಟ್ಯಾಂಕ್ ಸಮನಾಗಿ ಕೂತಿದ್ದರೆ ಟ್ಯಾಂಕ್‌ಗಿಂತ ಪೈಪ್‌ಗೆ ಅಪಾಯ. ಒಂದೇ ದಿಕ್ಕಿಗೆ ವಾಲಿದ್ದರೆ ಒಂದು ಕಡೆ ದ್ರವದ ಎತ್ತರ ಹೆಚ್ಚುತ್ತದೆ, ಗೇಜ್ ತಪ್ಪುತ್ತದೆ. ಅಲ್ಲಲ್ಲಿ ಏರಿಳಿತವಿದ್ದರೆ ಅದೇ ಅತಿ ಕೆಟ್ಟದ್ದು: ಶೆಲ್ ತಿರುಚುತ್ತದೆ, ತಳದ ವೆಲ್ಡ್ ಎಳೆಯುತ್ತದೆ. ಆಂಕರ್ ಬೋಲ್ಟ್‌ನ ನಟ್ ಸಡಿಲವೆಂದು ಸುಮ್ಮನೆ ಬಿಗಿಯಬೇಡಿ. ಬೋಲ್ಟ್ ಹಿಗ್ಗಿದೆಯೇ ನೋಡಿ; ಹಿಗ್ಗಿದ್ದರೆ ಯಾವತ್ತೋ ಒಳಗಿನ ಒತ್ತಡ ಟ್ಯಾಂಕನ್ನು ಎತ್ತಿದೆ, ಮತ್ತೆ ವೆಂಟ್ ಪರೀಕ್ಷೆಗೆ ಹೋಗಬೇಕು.

ಲಕ್ಷಣ: ವೆಲ್ಡ್‌ನಲ್ಲಿ ಕೂದಲೆಳೆಯಂಥ ಗೆರೆ

ಇಲ್ಲಿ ನಿಮ್ಮ ಕೆಲಸ ಒಂದೇ: ಗೆರೆಯ ಎರಡೂ ತುದಿಗೆ ಗುರುತು ಹಾಕಿ, ಉದ್ದ ಮತ್ತು ದಿನಾಂಕ ಬರೆದು, ಮಟ್ಟ ಇಳಿಸುವುದು. ಬಣ್ಣದ ಬಿರುಕೋ ಉಕ್ಕಿನದೋ ಎಂಬುದನ್ನು ಪೆನಿಟ್ರಂಟ್ ಅಥವಾ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಹೇಳುತ್ತದೆ.

ಹಳೆಯ ಉಕ್ಕಿನ ಬಿರುಕು ಚಳಿಯಲ್ಲಿ ಮೆಲ್ಲಗೆ ಬೆಳೆಯುವುದಿಲ್ಲ, ಒಮ್ಮೆಲೇ ಓಡುತ್ತದೆ. 1988ರ ಜನವರಿ 2ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಫ್ಲೋರೆಫ್‌ನಲ್ಲಿ ಸುಮಾರು 40 ಲಕ್ಷ ಗ್ಯಾಲನ್ ಹಿಡಿಯುವ ಡೀಸೆಲ್ ಟ್ಯಾಂಕ್ ಹೀಗೆ ಸೀಳಿತು. ಬೇರೆ ಕಡೆಯಿಂದ ಬಿಚ್ಚಿ ತಂದು ಮತ್ತೆ ಕಟ್ಟಿದ ಹಳೆಯ ಟ್ಯಾಂಕ್ ಅದು, ಮೊದಲ ಸಲ ಪೂರ್ತಿ ತುಂಬುತ್ತಿದ್ದರು. ವೆಲ್ಡ್ ಹತ್ತಿರದ ಸಣ್ಣ ಹಳೆಯ ದೋಷವೊಂದರಿಂದ ಶೆಲ್ ಮೇಲಿಂದ ಕೆಳಗೆ ಹರಿಯಿತು, ಡೀಸೆಲ್ ಮೊನೊಂಗಹೀಲಾ ನದಿ ಸೇರಿತು. ಹಾಗಾಗಿ ಬಿರುಕಿನ ತುದಿಗೆ ತೂತು ಕೊರೆದು ಕೆಲಸ ಮುಂದುವರಿಸುವುದಾಗಲಿ, ತುಂಬಿದ ಟ್ಯಾಂಕ್ ಮೇಲೆಯೇ ವೆಲ್ಡ್ ಎಳೆಯುವುದಾಗಲಿ ಬೇಡ.

ಶೆಲ್ಲಿನ ದೊಡ್ಡ ದುರಸ್ತಿಯಾದ ಮೇಲೆ ನೀರು ತುಂಬಿ 24 ಗಂಟೆ ನಿಲ್ಲಿಸುವ ಪರೀಕ್ಷೆ ಆಗಬೇಕು. ಹಂತ ಹಂತವಾಗಿ ತುಂಬಿ, ಪ್ರತಿ ಹಂತದಲ್ಲೂ ಅಡಿಪಾಯದ ಬಿಂದುಗಳನ್ನು ಅಳೆಯಿರಿ. ಸ್ಟೇನ್‌ಲೆಸ್ ಟ್ಯಾಂಕ್ ಆದರೆ ಪರೀಕ್ಷೆಯ ನೀರಿನಲ್ಲಿ ಕ್ಲೋರೈಡ್ 50 ಪಿಪಿಎಂ ಮೀರದಿರಲಿ, ಮತ್ತು ಪರೀಕ್ಷೆ ಮುಗಿದ ಕೂಡಲೇ ನೀರು ಇಳಿಸಿ ಒಣಗಿಸಿ.